ಕೇಳಿದವರಿಗೆ ಹೇಳದೆ ಉಳಿದ ಮಾತು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಸಣ್ಣ ತೋಡು. ದಾಟಲಿಕ್ಕೆ ಅದರ ಮೇಲೆ ಎರಡು ಚಪ್ಪಡಿ ಕಲ್ಲು ಹಾಕಿದ್ದೇವೆ. ಮಳೆಗಾಲದಲ್ಲಿ ತೋಡು ತುಂಬಿದರೆ ಕಲ್ಲಿನ ಮೇಲೂ ನೀರು ಹರಿಯುತ್ತದೆ. ಆಗ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಬೇಕು. ಮೂವತ್ತು ವರ್ಷಗಳಿಂದ ನಾನು ಆಚೆ ಹೋಗಿದ್ದೇನೆ, ಅಕ್ಕ ಈಚೆ ಬಂದಿದ್ದಾರೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಪಕ್ಕದ ಮನೆಯವರು. ನನಗಿಂತ ಎಂಟು ವರ್ಷ ದೊಡ್ಡವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದರಿಂದ ನನ್ನನ್ನು 'ಟೀಚರೇ' ಎಂದೇ ಕರೆಯುತ್ತಾರೆ.

ಅಕ್ಕ ಬೀಡಿ ಕಟ್ಟುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಆ ಕೈ ನಿಲ್ಲುವುದಿಲ್ಲ. ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ ಅಷ್ಟು ಹೊತ್ತಿಗೆ ಮೆತ್ತಗಾಗಿರುತ್ತದೆ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುತ್ತಾರೆ. ಚಿಟಿಕೆ ಹೊಗೆಸೊಪ್ಪಿನ ಪುಡಿ ಉದುರಿಸಿ, ಬೆರಳುಗಳ ನಡುವೆ ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚುತ್ತಾರೆ. ಕಣ್ಣು ನಮ್ಮ ಮುಖದ ಮೇಲಿದ್ದರೂ ಕೈಯಲ್ಲಿ ಬೀಡಿ ಆಗುತ್ತಲೇ ಇರುತ್ತದೆ. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವ ಹೊತ್ತಿಗೆ ಇಪ್ಪತ್ತೈದರ ಕಟ್ಟುಗಳು ಮೊರದಲ್ಲಿ ಸಾಲಾಗಿ ಕೂತಿರುತ್ತವೆ.

2009ರ ಆಟಿ ತಿಂಗಳಲ್ಲಿ, ಎಂದರೆ ಆಷಾಢದಲ್ಲಿ, ಅಕ್ಕನ ಗಂಡ, ನಮ್ಮ ಭಾವ, ತೀರಿಕೊಂಡರು. ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ಗಟ್ಟಿ ಆಳು. ಎದೆನೋವೆಂದು ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಹೆಣವಾಗಿ ಬಂದರು. ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕ ಮತ್ತೆ ಮೊರ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಪಕ್ಕದಲ್ಲಿ ಕೂತಿದ್ದೆ. ಹೊರಗೆ ಜಡಿಮಳೆ. ಎಲೆ ಕತ್ತರಿಸುತ್ತಿದ್ದ ಕೈ ನಿಂತಿತು. ಆ ಕೈ ಹಾಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಟೀಚರೇ, ನಿಮ್ಮ ಅಪ್ಪ ತೀರಿಹೋದಾಗ ನಾನು ಬಂದಿದ್ದೆ. ನೀವು ಅಳ್ತಾ ಇದ್ರಿ. ಅಳ್ತಾ ಅಳ್ತಾ ಹಾಡು ಹೇಳ್ತಾ ಇದ್ರಿ. ಹೆಣ ಎದುರಿಗೆ ಇಟ್ಟುಕೊಂಡು ಹಾಡ್ಲಿಕ್ಕೆ ನಿಮಗೆ ಹೇಗೆ ಆಗ್ತದೆ? ಎಂತ ನಂಬಿಕೆ ಅದು?"

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಿ ಬರೆದರೂ ಆ ಪ್ರಶ್ನೆಯ ತೂಕ ಕಡಿಮೆಯಾಗುವುದಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಸುಮ್ಮನೆ ಕುತೂಹಲಕ್ಕೆ ಕೇಳುವ ಮಾತಲ್ಲ ಅದು. ಹಸಿದವರು ಅನ್ನ ಕೇಳಿದ ಹಾಗೆ ಕೇಳಿದ್ದರು.

ನಾನು ಹೇಳಿದ್ದು ಇಷ್ಟು: "ಎಂತ ಮಾಡುದು ಅಕ್ಕ, ಎಲ್ಲ ದೇವರ ಇಚ್ಛೆ." ಹೇಳಿ ಎದ್ದೆ. ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂಬುದಕ್ಕೆ ನನ್ನ ಬಳಿ ಒಂದು ಕಾರಣ ಇತ್ತು, ಅದು ಸುಳ್ಳು ಕಾರಣವೂ ಅಲ್ಲ. ಅದರ ಹಿಂದಿನ ವರ್ಷ, 2008ರ ಸೆಪ್ಟೆಂಬರಿನಲ್ಲಿ, ಮಂಗಳೂರು ಮತ್ತು ಸುತ್ತಮುತ್ತ ಚರ್ಚುಗಳ ಮೇಲೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದಿತ್ತು. ಮತಾಂತರ ಮಾಡುತ್ತಾರೆ ಎಂಬುದು ಆಗ ಕೇಳಿಬಂದ ಆರೋಪ. ಆಮೇಲೆ ಎಷ್ಟೋ ತಿಂಗಳು ಆರಾಧನೆಗೆ ಹೋಗುವಾಗ ಸತ್ಯವೇದವನ್ನು, ಎಂದರೆ ಬೈಬಲನ್ನು, ಕೈಯಲ್ಲಿ ಹಿಡಿಯದೆ ಚೀಲದೊಳಗೆ ಇಟ್ಟುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಗಂಡ ಸತ್ತು ತಿಂಗಳಾಗದ ಹೆಂಗಸಿಗೆ ಕ್ರೈಸ್ತ ಟೀಚರು ಯೇಸುವಿನ ಬಗ್ಗೆ ಹೇಳಿದರಂತೆ ಎಂದು ಯಾರಾದರೂ ಆಡಿಕೊಂಡರೆ? ಶಾಲೆಗೆ ದೂರು ಹೋದರೆ? ಎದ್ದು ಬರುವ ಆ ಅರ್ಧ ನಿಮಿಷದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೇ.

ಆದರೆ ಹೆದರಿಕೆಯೊಂದನ್ನೇ ಹೇಳಿ ಬಿಟ್ಟರೆ ಅರ್ಧ ಮಾತ್ರ ಹೇಳಿದ ಹಾಗೆ. ಅದರ ಹಿಂದೆ ಇನ್ನೊಂದು ಇತ್ತು, ಅದಕ್ಕಿಂತ ಹಳೆಯದು.

ಪದವಿ ಓದುವಾಗ ನಾನು ಬೇರೆ ಊರಿನ ಹಾಸ್ಟೆಲಿನಲ್ಲಿದ್ದೆ. ಆಗ ನನ್ನೊಳಗೆ ತುಂಬ ಉರಿ. ಶನಿವಾರ ಸಂಜೆ ಗೆಳತಿಯರ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿ ಕರಪತ್ರ ಹಂಚುತ್ತಿದ್ದೆವು. ಎಷ್ಟು ಹಂಚಿದೆವು ಎಂದು ಬಂದು ಲೆಕ್ಕ ಹೇಳುತ್ತಿದ್ದೆವು. ಆ ಉರಿ ಸುಳ್ಳಾಗಿತ್ತು ಎಂದು ಇವತ್ತೂ ಹೇಳಲಾರೆ. ಯೇಸುವನ್ನು ಎಲ್ಲರೂ ಅರಿಯಬೇಕೆಂಬ ಆಸೆ ನಿಜವಾಗಿಯೂ ಇತ್ತು. ನನ್ನ ಕೋಣೆಯಲ್ಲಿದ್ದ ಹುಡುಗಿಯ ತಂದೆ ಆ ವರ್ಷ ತೀರಿಕೊಂಡರು. ಊರಿಗೆ ಹೋಗಿ ಹದಿನೈದು ದಿನದ ಮೇಲೆ ಅವಳು ತಿರುಗಿ ಬಂದ ರಾತ್ರಿ, ಅವಳ ಪುಸ್ತಕದೊಳಗೆ ನಾನು ಒಂದು ಕರಪತ್ರ ಇಟ್ಟೆ. ಸತ್ತ ಮೇಲೆ ನೀನು ಎಲ್ಲಿಗೆ ಹೋಗುವೆ ಎಂದು ದಪ್ಪಕ್ಷರದಲ್ಲಿ ಕೇಳುವಂಥದ್ದು. ಬೆಳಿಗ್ಗೆ ಅವಳು ಅದನ್ನು ಕೈಯಲ್ಲಿ ಹಿಡಿದು ನನ್ನ ಮಂಚದ ಹತ್ತಿರ ಬಂದಳು. "ಹಾಗಾದ್ರೆ ನಮ್ಮಪ್ಪ ಈಗ ಎಲ್ಲಿದಾರೆ ಅಂತ ನೀನು ಹೇಳೋದು?" ಎಂದು ಕೇಳಿದಳು. ನಾನು ಪತ್ರದಲ್ಲಿ ಅಚ್ಚಾಗಿದ್ದ ಮಾತನ್ನೇ ಹೇಳಿದೆ.

ಅವಳು ಕಿರುಚಲಿಲ್ಲ, ವಾರ್ಡನ್ ಹತ್ತಿರ ಹೋಗಲಿಲ್ಲ. ಪತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಮೇಜಿನ ಮೇಲೆ ಇಟ್ಟಳು. ಆ ವಾರವೇ ಕೋಣೆ ಬದಲಿಸಿದಳು. ಅವಳ ತಂದೆ ಹೇಗಿದ್ದರು, ಮಗಳಿಗೆ ಏನೆಂದು ಕರೆಯುತ್ತಿದ್ದರು, ಕೊನೆಯಲ್ಲಿ ಏನು ಹೇಳಿದರು ಎಂದು ನಾನು ಒಂದು ಮಾತೂ ಕೇಳಿರಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಹಾಸ್ಟೆಲಿನಲ್ಲಿ ಯಾರೂ ಕೇಳದೆ ಹೇಳಿದೆ. ಅಕ್ಕನ ಜಗಲಿಯಲ್ಲಿ ಕೇಳಿದರೂ ಹೇಳಲಿಲ್ಲ. ಒಂದಕ್ಕೊಂದು ವಿರುದ್ಧ ಎಂದು ಬಹಳ ಕಾಲ ಅಂದುಕೊಂಡಿದ್ದೆ. ವಿರುದ್ಧ ಅಲ್ಲ. ಹಾಸ್ಟೆಲಿನಲ್ಲಿ ನಾನು ನೋಡುತ್ತಿದ್ದದ್ದು ನನ್ನ ಕರ್ತವ್ಯವನ್ನು, ಜಗಲಿಯಲ್ಲಿ ನೋಡುತ್ತಿದ್ದದ್ದು ನನ್ನ ಕ್ಷೇಮವನ್ನು. ಎದುರಿಗೆ ಕೂತವರ ಮುಖವನ್ನು ಎರಡು ಸಲವೂ ನೋಡಿರಲಿಲ್ಲ.

ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಒಂದು ಮಾತಿದೆ. ನಮ್ಮ ಸಭೆಗಳಲ್ಲಿ ಸುವಾರ್ತೆ ಸಾರುವ ವಿಷಯ ಬಂದಾಗಲೆಲ್ಲ ಅದನ್ನು ಓದುತ್ತಾರೆ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ ಎನ್ನುತ್ತಾನೆ ಪೇತ್ರ. 'ಸಿದ್ಧರಾಗಿರಿ' ಎಂಬ ಮಾತಿನ ಮೇಲೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. 'ಕೇಳುವವರಿಗೆ' ಎಂಬ ಮಾತಿನ ಮೇಲೆ ಒಂದನ್ನೂ ಕೇಳಿದ ನೆನಪಿಲ್ಲ. ಆ ಪತ್ರ ಬರೆದದ್ದು ಸುಖವಾಗಿದ್ದ ಜನರಿಗಲ್ಲ. ನಂಬಿಕೆಯ ಕಾರಣದಿಂದ ಬೈಗುಳ ತಿನ್ನುತ್ತಿದ್ದ, ಹೆದರಿಕೆಯಲ್ಲಿದ್ದ ಸಣ್ಣ ಸಣ್ಣ ಗುಂಪುಗಳಿಗೆ. ಅಂಥವರಿಗೆ ಅವನು ಬೀದಿಗೆ ಹೋಗಿ ಕೂಗಿರಿ ಎನ್ನುವುದಿಲ್ಲ, ಬಾಗಿಲು ಮುಚ್ಚಿಕೊಳ್ಳಿ ಎಂದೂ ಹೇಳುವುದಿಲ್ಲ. ಯಾರಾದರೂ ನಿಂತು ಕೇಳುವ ಹಾಗೆ ಬದುಕಿರಿ, ಕೇಳಿದಾಗ ಹೇಳಿರಿ, ಹೇಳುವಾಗ ಸಾತ್ವಿಕತೆಯಿಂದ ಹೇಳಿರಿ ಎನ್ನುತ್ತಾನೆ. ಒಂದೇ ವಾಕ್ಯದಲ್ಲಿ ಇದ್ದ ಈ ಮೂರರಲ್ಲಿ ನಾನು ಹಾಸ್ಟೆಲಿನಲ್ಲಿ ಮೂರನೆಯದನ್ನೂ ಜಗಲಿಯಲ್ಲಿ ಎರಡನೆಯದನ್ನೂ ಬಿಟ್ಟಿದ್ದೆ.

ನಮ್ಮ ಊರಿಗೆ ಈ ವಿಷಯ ಹೊಸತಲ್ಲ. 1834ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದಿಳಿದರು. ನಮ್ಮ ಮನೆತನದ ನಂಬಿಕೆಯ ಕಥೆ ಅಲ್ಲಿಂದ ಶುರು. ಹೆಬಿಕ್ ಜಾತ್ರೆ ನಡೆಯುವಲ್ಲಿಗೇ ಹೋಗಿ ಜನರ ನಡುವೆ ನಿಂತು ಸಾರುತ್ತಿದ್ದವರು, ಎದೆಗಾರ. 1836ರಲ್ಲಿ ಬಂದ ಮೋಗ್ಲಿಂಗ್ ಬೇರೆ ಥರ. ಅವರು ಮೊದಲು ಕೂತು ಕೇಳಿದರು. ಈ ಜನ ಏನು ಹಾಡುತ್ತಾರೆ, ಏನು ಓದುತ್ತಾರೆ, ಯಾವ ಗಾದೆ ಹೇಳುತ್ತಾರೆ ಎಂದು. 1843ರ ಜುಲೈ 1ರಂದು ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರತಂದರು; ಅದು ಕನ್ನಡದ ಮೊದಲ ಪತ್ರಿಕೆ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. 1850ರಲ್ಲಿ ದಾಸರ ಪದಗಳನ್ನು ಮಿಶನ್ನಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರು. ಯೇಸುವಿನ ಸುವಾರ್ತೆ ಸಾರಲು ಬಂದ ಮನುಷ್ಯ ಪುರಂದರದಾಸರನ್ನು, ಕನಕದಾಸರನ್ನು ಅಚ್ಚಿಗೆ ತಂದ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅಕ್ಕ ಶನಿವಾರ ಭಜನಾ ಮಂದಿರದಲ್ಲಿ ಹಾಡುವ ಪದಗಳಿಗೂ ನಮ್ಮ ಬಲ್ಮಠದ ಗುಡ್ಡೆಯ ಪ್ರೆಸ್ಸಿಗೂ ಹೀಗೊಂದು ನಂಟು.

ಕಿಟ್ಟೆಲರನ್ನು ಕನ್ನಡದವರಿಗೆ ಪರಿಚಯಿಸಬೇಕಾಗಿಲ್ಲ. 1853ರಲ್ಲಿ ಇಲ್ಲಿಗೆ ಬಂದವರು, 1894ರಲ್ಲಿ ನಿಘಂಟನ್ನು ಮುಗಿಸಿಕೊಟ್ಟವರು. ಅದಕ್ಕೆ ಎಷ್ಟೋ ಮುಂಚೆ, 1862ರಲ್ಲಿ, ಅವರು ಕ್ರಿಸ್ತನ ಕಥೆಯನ್ನು ಕನ್ನಡದ ಪದ್ಯದಲ್ಲಿ ಕಟ್ಟಿ 'ಕಥಾಮಾಲೆ' ಎಂದು ಹೆಸರಿಟ್ಟರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬೇರೆಯವರಿಗೆ ನನ್ನ ನಂಬಿಕೆಯನ್ನು ಹೇಳುವ ಮೊದಲು ಅವರ ಮಾತನ್ನು, ಅದರ ಲಯವನ್ನು ಕಲಿಯಬೇಕು ಎಂದು ಆ ಮನುಷ್ಯ ನಲವತ್ತು ವರ್ಷ ದುಡಿದರು. ನಾನು ಹಾಸ್ಟೆಲಿನ ಗೆಳತಿಗಾಗಿ ಒಂದು ಸಂಜೆಯನ್ನೂ ಕೊಟ್ಟಿರಲಿಲ್ಲ.

ಈ ಚರಿತ್ರೆಯನ್ನು ಬರೀ ಹೊಗಳಿ ಮುಗಿಸಲಿಕ್ಕೆ ನನಗೆ ಮನಸ್ಸಿಲ್ಲ. ಆ ಮಿಶನರಿಗಳು ಇಲ್ಲಿನ ದೈವ ದೇವರುಗಳ ಬಗ್ಗೆ ಬರೆದ ಕೆಲವು ಮಾತುಗಳು ಓದುವಾಗ ಚುಚ್ಚುತ್ತವೆ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದರು. ಮುಂದೆ ಬಾಸೆಲಿಗೆ ಹೋಗಿ ಕಲಿತು, ಸಭಾಪಾಲಕರಾಗಿ ಬಂದರು. ನಮ್ಮ ಸಭೆಯ ಚರಿತ್ರೆಯಲ್ಲಿ ಅದು ಸಂತೋಷದ ಪುಟ. ಆ ದಿನ ಅವರ ಮನೆಯೊಳಗೆ ಎಷ್ಟು ಕಣ್ಣೀರು ಹರಿದಿರಬೇಕು ಎಂದು ನಮ್ಮ ಪುಟದಲ್ಲಿ ಬರೆದಿಲ್ಲ. ಎರಡೂ ನಿಜ. ಒಬ್ಬ ಮನುಷ್ಯ ತನ್ನ ಅಂತರಂಗ ಹೇಳಿದ ದಾರಿಯಲ್ಲಿ ಹೋಗಬೇಕು ಎಂದು ನಾನು ನಂಬುತ್ತೇನೆ. ಅದಕ್ಕೆ ತೆತ್ತ ಬೆಲೆಯಲ್ಲಿ ಅವನ ತಾಯಿಯ ಪಾಲೂ ಇತ್ತು ಎಂಬುದನ್ನು ಮರೆಯಲಾರೆ.

ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಮನೆಯೂ ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗಾಗಿ ಮಿಶನ್ನಿನವರು ನೇಯ್ಗೆ ಶುರುಮಾಡಿದರು, ಆಮೇಲೆ ಹಂಚು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನನ್ನ ಅಜ್ಜ ಕೆಲಸ ಮಾಡಿದ್ದು ಅಲ್ಲೇ. ಅಜ್ಜನ ಕಾಲಕ್ಕೆ, ಮೊದಲ ಮಹಾಯುದ್ಧದ ಪರಿಣಾಮವಾಗಿ, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಗಿತ್ತು. ಮನೆಯಲ್ಲಿ ಮಾತ್ರ 'ಮಿಶನ್ ಕಾರ್ಖಾನೆ' ಎಂದೇ ಹೇಳುತ್ತಿದ್ದರು. ಆವೆಮಣ್ಣು ಹದ ಮಾಡಿ ಮಾಡಿ ಅಜ್ಜನ ಬೆರಳಿನ ಗೆರೆಗಳೇ ಸವೆದುಹೋಗಿದ್ದವು ಎಂದು ಅಮ್ಮ ಹೇಳುತ್ತಿದ್ದರು. ಅಜ್ಜ ಯಾರಿಗೂ ಪ್ರಸಂಗ ಮಾಡಿದವರಲ್ಲ. ಆದರೆ ರಾತ್ರಿ ಕುಟುಂಬ ಪ್ರಾರ್ಥನೆ ಮಾಡುವಾಗ ಅಕ್ಕಪಕ್ಕದ ಮನೆಗಳಲ್ಲಿ ಕಾಯಿಲೆ ಬಿದ್ದವರ ಹೆಸರನ್ನೆಲ್ಲ, ಅವರು ಯಾವ ಜಾತಿಯವರಾಗಲಿ, ಒಂದೊಂದಾಗಿ ಹೇಳುತ್ತಿದ್ದರಂತೆ. ಅಜ್ಜನ ಮನೆಯ ಗೋಡೆಗಳು ತೆಳು; ಹಾದಿಯಲ್ಲಿ ಹೋಗುವವರಿಗೂ ಕೇಳುತ್ತಿತ್ತು. ಒಂದು ಸಲ ಯಾರೋ ಬಾಗಿಲಿಗೆ ಬಂದು, "ನಮ್ಮ ಎಮ್ಮೆಯ ಹೆಸರನ್ನೂ ಒಂದು ಸಲ ಹೇಳಿ" ಎಂದರಂತೆ. ಅಜ್ಜ ಅದನ್ನೂ ಹೇಳಿದರು.

ಸುವಾರ್ತೆ ಹಂಚುವುದು ಎಂದಾಗ ನಮ್ಮ ಸಭೆಯ ಎಳೆಯರ ಕಣ್ಣ ಮುಂದೆ ಬರುವುದು ವೇದಿಕೆ, ಮೈಕು, ಈಗಿನ ಕಾಲದಲ್ಲಾದರೆ ಮೊಬೈಲು. ನನ್ನ ಕಣ್ಣ ಮುಂದೆ ಬರುವುದು ಆ ತೆಳು ಗೋಡೆ.

ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬನಿಗೂ ತನ್ನ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರ ಎಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹೇಳುವ ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನಮ್ಮವರಲ್ಲಿ ಕೆಲವರಿಗೆ ಆ ತೀರ್ಪು ಇಕ್ಕಟ್ಟೆನಿಸುತ್ತದೆ. ನನಗೆ ಅದರಲ್ಲಿ ತಕರಾರಿಲ್ಲ. ಮನಸ್ಸು ತಿರುಗಿಸುವುದು ನನ್ನ ಕೈಯಲ್ಲಿ ಯಾವತ್ತೂ ಇರಲಿಲ್ಲ. ಅದು ಪವಿತ್ರಾತ್ಮನ ಕೆಲಸ ಎಂದು ನನ್ನ ಸಭೆಯೇ ನನಗೆ ಕಲಿಸಿದ್ದು. ದುಡ್ಡಿನ ಆಸೆ, ಕೆಲಸದ ಆಸೆ, ಕಾಯಿಲೆಯವರ ಹೆದರಿಕೆ, ಇವುಗಳನ್ನು ಹಿಡಿದು ಎಳೆಯುವುದು ಕಾನೂನಿಗಿಂತ ಮೊದಲು ಕ್ರಿಸ್ತನಿಗೇ ಮಾಡುವ ಅಪಚಾರ. ಶಾಲೆಯಲ್ಲೂ ನಾನು ಮಕ್ಕಳಿಗೆ ನನ್ನ ನಂಬಿಕೆಯನ್ನು ಹೇಳುವುದಿಲ್ಲ. ಟೀಚರ ಮಾತಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯ ಮಗುವಿಗೆ ಇರುವುದಿಲ್ಲ. 'ಇಲ್ಲ' ಎನ್ನಲಾಗದವರಿಗೆ ಹೇಳಿದ ಸುವಾರ್ತೆ ಸುವಾರ್ತೆಯಾಗಿ ಉಳಿಯುವುದಿಲ್ಲ.

ಅಕ್ಕನ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಇರುತ್ತದೆ, ಚೌತಿಗೆ ಪೂಜೆ ಇರುತ್ತದೆ. ನಾವು ದೇವರಿಗೆ ಇಟ್ಟದ್ದನ್ನು ತಿನ್ನುವುದಿಲ್ಲ. ನಮ್ಮಲ್ಲೇ ಕೆಲವರು ತಿನ್ನುತ್ತಾರೆ, ಪೌಲನ ಪತ್ರಗಳನ್ನು ಓದಿ ಎರಡೂ ಕಡೆ ವಾದ ಮಾಡಬಹುದು. ನಮ್ಮ ಮನೆಯಲ್ಲಿ ಮಾತ್ರ ಅಜ್ಜನ ಕಾಲದಿಂದ ನಡೆದುಬಂದದ್ದು ಹೀಗೆ. ಈ ಬೀದಿಗೆ ಬಂದ ಮೊದಲ ವರ್ಷ ಅಕ್ಕ ತಟ್ಟೆ ತಂದಾಗ ಹೇಗೆ ಹೇಳುವುದೆಂದು ತಿಳಿಯದೆ ನಾನು ಒದ್ದಾಡಿದ್ದೆ. ಕೊನೆಗೆ ಹೇಳಿಬಿಟ್ಟೆ. ಅವರ ಮುಖ ಒಂದು ಕ್ಷಣ ಬಾಡಿತು. ಮರುವರ್ಷ ಅದೇ ದಿನ ಬೆಳಿಗ್ಗೆ ಬೇಗ, ಇನ್ನೂ ಪೂಜೆಯ ಗಂಟೆ ಕೇಳುವ ಮೊದಲೇ, ಅಕ್ಕ ತೋಡು ದಾಟಿ ಬಂದರು. ಕೈಯಲ್ಲಿ ಮುಚ್ಚಿದ ಪಾತ್ರೆ. "ಪಾಯಸ ಟೀಚರೇ. ದೇವರಿಗೆ ಇಡುವ ಮೊದಲೇ ನಿಮಗೆ ಬೇರೆ ತೆಗೆದಿಟ್ಟೆ. ಇದನ್ನು ತಿನ್ಲಿಕ್ಕೆ ಆಗ್ತದಲ್ಲ?" ಅಂದಿನಿಂದ ಪ್ರತಿ ವರ್ಷ ಹಾಗೇ ಬರುತ್ತದೆ.

ನೈವೇದ್ಯ ಆಗುವ ಮೊದಲು ಪಾಯಸವನ್ನು ಬೇರೆ ತೆಗೆಯುವುದು ಅವರಿಗೆ ಎಷ್ಟು ಕಷ್ಟದ ಕೆಲಸವಾಗಿರಬೇಕು ಎಂದು ಬಲ್ಲವರು ಬಲ್ಲರು. ದೇವರಿಗಿಂತ ಮೊದಲು ಯಾರಿಗೂ ಬಡಿಸದ ಮನೆ ಅದು. ನನ್ನ ನಂಬಿಕೆಗೆ ನೋವಾಗಬಾರದೆಂದು ಅವರು ತಮ್ಮ ಕ್ರಮವನ್ನೇ ಸ್ವಲ್ಪ ಸರಿಸಿದರು. ನಂಬಿಕೆಯುಳ್ಳ ಇನ್ನೊಬ್ಬರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾನು ಸಂಡೇ ಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಆ ಪಾತ್ರೆಯಿಂದ ಹೆಚ್ಚು ಕಲಿತೆ. ಕ್ರಿಸ್ಮಸ್ಸಿಗೆ ನಾನು ಅವರಿಗೆ ರೋಸ್ ಕುಕ್ಕಿ, ನೆವ್ರಿ, ಕೇಕು ಕೊಂಡುಹೋಗುವಾಗ ಕೇಕಿನಲ್ಲಿ ಮೊಟ್ಟೆ ಉಂಟು, ಇವತ್ತು ನಿಮಗೆ ಸೋಮವಾರದ ವ್ರತ ಅಲ್ಲವಾ ಎಂದು ವಿಚಾರಿಸಲು ಕಲಿತದ್ದೂ ಹಾಗೆಯೇ.

ಕನ್ನಡದಲ್ಲಿ ನಾವು ಇದಕ್ಕೆಲ್ಲ 'ಸಾಕ್ಷಿ' ಎನ್ನುತ್ತೇವೆ. ಸಾಕ್ಷಿ ಕೊಡುವುದು, ಸಾಕ್ಷಿ ಹೇಳುವುದು, ಸಾಕ್ಷಿಯಾಗಿ ಬದುಕುವುದು. ನಮ್ಮ ಕೂಟಗಳಲ್ಲಿ ಉರುಳಿ ಉರುಳಿ ನುಣ್ಣಗಾದ ಪದ. ಆದರೆ ಕನ್ನಡದವರ ಬಾಯಲ್ಲಿ ಅದು ಎಲ್ಲೆಲ್ಲಿ ಬರುತ್ತದೆ ನೋಡಿ: ಅಗ್ನಿಸಾಕ್ಷಿ, ಮನಸ್ಸಾಕ್ಷಿ, ಕಣ್ಣಾರೆ ಕಂಡ ಸಾಕ್ಷಿ. ಬೆಂಕಿ ಮಾತಾಡುವುದಿಲ್ಲ, ಆದರೂ ಸಾಕ್ಷಿ. ಮನಸ್ಸು ಒಳಗೇ ಇರುತ್ತದೆ, ಹೊರಗೆ ಏನೂ ಸಾರುವುದಿಲ್ಲ, ಆದರೂ ಸಾಕ್ಷಿ. ಕಣ್ಣಾರೆ ಕಂಡವನು ಮಾತ್ರ ಬಾಯಿ ಬಿಡಬೇಕು. ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಾಗಲೂ ಅವನು ಬಾಯಿ ಬಿಡದಿದ್ದರೆ ಅದು ದ್ರೋಹ. ಮಾತಿಲ್ಲದೆ ಬದುಕಿ ತೋರಿಸಿದರೆ ಸಾಕು ಎಂದು ಈಗ ನಮ್ಮವರಲ್ಲಿ ಬಹಳ ಮಂದಿ ಹೇಳುತ್ತಾರೆ. 2009ರ ನಂತರ ನಾನೂ ಹಾಗೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಅಕ್ಕ ನನ್ನ ಬದುಕನ್ನು ನೋಡಿಯೇ ತಾನೇ ಕೇಳಿದ್ದು? ಬದುಕು ಪ್ರಶ್ನೆಯನ್ನು ಹುಟ್ಟಿಸಿತ್ತು. ಉತ್ತರ ಹೇಳಬೇಕಾದ ಬಾಯಿ ನನ್ನದೇ ಆಗಿತ್ತು.

ಹತ್ತು ವರ್ಷ ಕಳೆದ ಮೇಲೆ ಅವರು ಮತ್ತೆ ಕೇಳಿದರು. ನನ್ನ ಅಮ್ಮ ತೀರಿಕೊಂಡ ಮರುವಾರ. ಈ ಸಲ ಅಕ್ಕ ನಮ್ಮ ಮನೆಗೆ ಬಂದು ಕೂತಿದ್ದರು. ಮೊರ ತಂದಿರಲಿಲ್ಲ. ಗಂಜಿ ಮಾಡಿ ತಂದಿದ್ದರು, ನಾನು ಉಣ್ಣುವವರೆಗೂ ಎದುರಿಗೆ ಕೂತಿದ್ದರು.

"ನೀವು ಈ ಸಲವೂ ಹಾಡಿದ್ರಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವತ್ತು ಕೇಳಿದ್ದೆ. ನೀವು ಹೇಳ್ಲಿಲ್ಲ. ನನ್ನಂಥವಳಿಗೆ ಅರ್ಥ ಆಗುದಿಲ್ಲ ಅಂತ ಹೇಳ್ಲಿಲ್ವಾ?"

ನನ್ನ ಮೌನ ಅವರಿಗೆ ಹೀಗೆ ಕೇಳಿಸಿತ್ತು. ಹತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಪ್ರತಿ ಚೌತಿಗೂ ಪಾಯಸ ತಂದಿದ್ದರು. ನಾನು ಅವರ ಕೈ ಹಿಡಿದುಕೊಂಡು, ಇಲ್ಲ ಅಕ್ಕ, ನನಗೆ ಹೆದರಿಕೆ ಆಗಿತ್ತು ಎಂದೆ. ಯಾವುದರ ಹೆದರಿಕೆ ಎಂದೂ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. "ನನ್ನಿಂದ ನಿಮಗೆ ಹೆದರಿಕೆಯಾ?" ಎಂದು ಮಾತ್ರ ಕೇಳಿದರು.

ಆಮೇಲೆ ಹೇಳಿದೆ. ನಾವು ಗಟ್ಟಿಗರು ಎಂದು ಹಾಡುವುದಲ್ಲ ಅಕ್ಕ. ಅಪ್ಪನನ್ನು ಮಣ್ಣು ಮಾಡುವಾಗ ನನ್ನ ಸ್ವರ ಎರಡನೆಯ ಸಾಲಿಗೇ ಕಟ್ಟಿಹೋಗಿತ್ತು. ಸುತ್ತ ಇದ್ದವರು ಹಾಡುತ್ತಲೇ ಇದ್ದರು. ನನ್ನ ಪಾಲಿನದನ್ನು ಅವರೇ ಹಾಡಿದರು. ಬೇರೆ ಮನೆಯಲ್ಲಿ ಸಾವಾದಾಗ ನಾನು ಅವರ ಪಾಲಿನದನ್ನು ಹಾಡುತ್ತೇನೆ. ಯೇಸು ಸತ್ತ, ಹೂಳಿದರು, ಮೂರನೆಯ ದಿನ ಎದ್ದ ಎಂದು ನಾವು ನಂಬುತ್ತೇವೆ. ಕಥೆ ಎಂದಲ್ಲ, ನಡೆದದ್ದು ಎಂದು ನಂಬುತ್ತೇವೆ. ಅವನು ಎದ್ದದ್ದರಿಂದ ಮಣ್ಣಿನ ಕೆಳಗೆ ಹೋದದ್ದು ಮುಗಿದುಹೋದದ್ದಲ್ಲ. ಅಳಬಾರದು ಎಂದು ನಮಗೆ ಯಾರೂ ಹೇಳಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡಿ ಎಂದು ಪೌಲ ಬರೆದಿದ್ದಾನೆ, ಅಷ್ಟೇ. ನನಗೆ ಎಲ್ಲ ದಿನವೂ ಈ ನಂಬಿಕೆ ಒಂದೇ ಥರ ಇರುವುದಿಲ್ಲ ಎಂಬುದನ್ನೂ ಹೇಳಿದೆ. ಅಮ್ಮನ ಮಂಚ ಖಾಲಿ ಮಾಡಿದ ರಾತ್ರಿ ಪ್ರಾರ್ಥನೆಗೆ ಬಾಯಿ ಬರಲಿಲ್ಲ ಎಂದೂ ಹೇಳಿದೆ.

ಇನ್ನೊಂದನ್ನೂ ಮುಚ್ಚಿಡಲಿಲ್ಲ. ನೀವು ಯೇಸುವನ್ನು ಅರಿತರೆ ನನಗೆ ಸಂತೋಷ ಅಕ್ಕ, ಆ ಆಸೆ ನನಗೆ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಹಾಗೆ ಆಗದಿದ್ದರೂ ನೀವು ನನ್ನ ಅಕ್ಕನೇ. ಅದು ಇದಕ್ಕೆ ಕಟ್ಟಿಹಾಕಿದ ಸಂಬಂಧ ಅಲ್ಲ.

"ಗೊತ್ತುಂಟು ನನಗೆ," ಎಂದರು ಅಕ್ಕ. "ನಿಮಗೆ ಒಳ್ಳೆಯದಾದದ್ದು ನನಗೂ ಆಗ್ಲಿ ಅಂತ ತಾನೇ? ನಾನೂ ಮಾರಿಯಮ್ಮನ ಹತ್ರ ನಿಮ್ಮ ಹೆಸರು ಹೇಳ್ತೇನೆ."

ಅಕ್ಕ ಇವತ್ತೂ ಸಂಜೆ ದೀಪ ಹಚ್ಚುತ್ತಾರೆ, ಶನಿವಾರ ಭಜನೆಗೆ ಹೋಗುತ್ತಾರೆ. ಅವರು ಬದಲಾದರೋ ಎಂದು ನಮ್ಮ ಕೂಟದಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ನಾನು ಬದಲಾದೆ ಎಂದೆ, ಅದು ನಿಜ. ಅಕ್ಕನ ಒಳಗೆ ಏನಾಗುತ್ತಿದೆ ಎಂಬುದು ಅಕ್ಕನಿಗೂ ದೇವರಿಗೂ ಬಿಟ್ಟದ್ದು.

ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಅವರೇ ಕೇಳಿದರು, "ನಿಮ್ಮ ಪುಸ್ತಕದಲ್ಲಿ ಅವನ ಕಥೆ ಇರುವ ಭಾಗ ಓದಿ ಹೇಳ್ತೀರಾ? ನನಗೆ ಓದ್ಲಿಕ್ಕೆ ಕಣ್ಣು ಸರಿ ಇಲ್ಲ, ಕೈಗೆ ಬಿಡುವೂ ಇಲ್ಲ." ಹಾಗೆ ಶುರುವಾಯಿತು. ರಜೆಯ ದಿನ ಮಧ್ಯಾಹ್ನ ಅವರು ಬೀಡಿ ಕಟ್ಟುತ್ತಾರೆ, ನಾನು ಯೋಹಾನನ ಸುವಾರ್ತೆ ಓದುತ್ತೇನೆ. ಸತ್ಯವೇದದ ಹಳೆಯ ಕನ್ನಡ ಅವರಿಗೆ ಯಕ್ಷಗಾನದ ಮಾತಿನ ಹಾಗೆ ಕೇಳುತ್ತದಂತೆ. ಕೆಲವು ಕಡೆ ನಾನು ತುಳುವಿನಲ್ಲಿ ಬಿಡಿಸಿ ಹೇಳುತ್ತೇನೆ. ಹೊಸ ಒಡಂಬಡಿಕೆ ತುಳುವಿನಲ್ಲಿ 1847ರಷ್ಟು ಹಿಂದೆಯೇ ಅಚ್ಚಾಗಿತ್ತು. ನಾನು ಹೇಳುವುದು ಮಾತ್ರ ನಮ್ಮ ಬೀದಿಯ ತುಳು.

ಬಾವಿಯ ಹತ್ತಿರದ ಸಮಾರ್ಯದ ಹೆಂಗಸಿನ ಕಥೆಯನ್ನು ಎರಡು ಸಲ ಓದಿಸಿದರು. ಹುಟ್ಟುಕುರುಡನ ಕಥೆಯಲ್ಲಿ, ಅವನ ಅಪ್ಪ ಅಮ್ಮ ಹೆದರಿ, "ಅವನನ್ನೇ ಕೇಳಿ" ಎಂದು ಜಾರಿಕೊಂಡದ್ದು ಬಂದಾಗ ಅಕ್ಕ ನನ್ನ ಕಡೆ ನೋಡಿದರು. ನಾನೂ ನೋಡಿದೆ. ಇಬ್ಬರೂ ಏನೂ ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಹನ್ನೊಂದನೆಯ ಅಧ್ಯಾಯಕ್ಕೆ ಬಂದೆವು. ಲಾಜರ ಕಾಯಿಲೆ ಬಿದ್ದದ್ದು, ಅಕ್ಕತಂಗಿಯರು ಯೇಸುವಿಗೆ ಹೇಳಿಕಳಿಸಿದ್ದು, ಅವನು ಕೂಡಲೇ ಹೊರಡದೆ ಎರಡು ದಿನ ಅಲ್ಲೇ ಉಳಿದದ್ದು. ಬರುವ ಹೊತ್ತಿಗೆ ಗೋರಿಯಲ್ಲಿಟ್ಟು ನಾಲ್ಕು ದಿನ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ಥಳು ಹೇಳುವಾಗ ಅಕ್ಕನ ಕೈ ನಿಧಾನವಾಯಿತು. ನಾನು ಓದುತ್ತಾ ಹೋದೆ. ಯೇಸು ಕಣ್ಣೀರು ಬಿಟ್ಟನು.

ಕತ್ತರಿ ಮೊರದೊಳಗೆ ಬಿತ್ತು.

"ನಿಲ್ಲಿ ಟೀಚರೇ. ಅವನು ಮುಂದೆ ಎಂತ ಮಾಡ್ತಾನೆ? ಎಬ್ಬಿಸ್ತಾನಲ್ಲ? ನೀವು ಮೊದಲೇ ಒಂದು ಸಲ ಹೇಳಿದ್ರಿ."

ಹೌದು, ಎಬ್ಬಿಸುತ್ತಾನೆ ಎಂದೆ.

"ಎಬ್ಬಿಸ್ಲಿಕ್ಕೆ ಉಂಟು ಅಂತ ಅವನಿಗೆ ಗೊತ್ತಿತ್ತಾ?"

ಗೊತ್ತಿತ್ತು. ಹೊರಡುವ ಮೊದಲೇ ಶಿಷ್ಯರಿಗೆ ಹೇಳಿದ್ದಾನೆ.

"ಮತ್ತೆ ಅವನು ಅಳುದು ಯಾಕೆ?"

ಇಪ್ಪತ್ತೆರಡು ವರ್ಷ ಸಂಡೇ ಸ್ಕೂಲಿನಲ್ಲಿ ಈ ಪಾಠ ಮಾಡಿದ್ದೇನೆ. ಸತ್ಯವೇದದ ಅತಿ ಚಿಕ್ಕ ವಚನಗಳಲ್ಲಿ ಇದೊಂದು ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪುಸ್ತಕ ತೊಡೆಯ ಮೇಲೆ ಇಟ್ಟೆ. ತೋಡಿನಲ್ಲಿ ನೀರು ಚಪ್ಪಡಿಯ ಮೇಲೆ ಹತ್ತಿತ್ತು, ಹಂಚಿನಿಂದ ಇಳಿದ ಹನಿ ಅಂಗಳದಲ್ಲಿ ಸಾಲಾಗಿ ಗುಳಿ ತೋಡುತ್ತಿತ್ತು.

ಗೊತ್ತಿಲ್ಲ ಅಕ್ಕ ಎಂದೆ. ನಿಮಗೆ ಏನನ್ನಿಸುತ್ತದೆ ಎಂದು ಕೇಳಿದೆ.

ಅಕ್ಕ ಕತ್ತರಿ ಎತ್ತಿಕೊಂಡು ಒಂದು ಎಲೆ ಆರಿಸಿ, ಅಳತೆಯ ತಗಡನ್ನು ಅದರ ಮೇಲೆ ಇಟ್ಟರು. ಕತ್ತರಿಸಲಿಲ್ಲ.

"ಅವರಿಬ್ರು ಅಳ್ತಾ ಇದ್ರಲ್ಲ," ಎಂದರು.